ಮರುಭೂಮಿಯ ಕಮರಿಗಳಿಗೆ ಯಾವ ಲೆನ್ಸ್? ನಿಲ್ಲುವ ಜಾಗ ನೋಡಿ ಆರಿಸಿ

ಗ್ರ್ಯಾಂಡ್ ಕ್ಯಾನಿಯನ್‌ನ ಅಂಚಿಗೆ ಮೊದಲ ಸಲ ಬಂದವರಲ್ಲಿ ಹೆಚ್ಚಿನವರು ಚೀಲದಿಂದ ಹೊರತೆಗೆಯುವುದು ತಮ್ಮಲ್ಲಿರುವ ಅತ್ಯಂತ ಅಗಲ ನೋಟದ ಲೆನ್ಸನ್ನೇ. ಎದುರಿಗೆ ಅಷ್ಟು ದೊಡ್ಡದು ಬಿದ್ದುಕೊಂಡಿರುವಾಗ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತುಂಬಿಸಬೇಕು ಎನ್ನಿಸುವುದು ಸಹಜ. ಆದರೆ ಕೋಣೆಗೆ ಮರಳಿ ಫೋಟೊಗಳನ್ನು ತೆರೆದರೆ ಮೇಲರ್ಧ ಬರಿಯ ಆಕಾಶ, ಕೆಳಗೊಂದಿಷ್ಟು ಕುರುಚಲು ಗಿಡ, ನಡುವೆ ಕಂದು ಬಣ್ಣದ ಒಂದು ಪಟ್ಟಿ. ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳದ ಕಮರಿ ಆ ಪಟ್ಟಿಯೊಳಗೆ ಚಪ್ಪಟೆಯಾಗಿ ಮಲಗಿರುತ್ತದೆ.

ಕಾರಣ ಸರಳ. ಅಲ್ಲಿ ಎದುರಿನ ಅಂಚು ಸರಾಸರಿ 16 ಕಿ.ಮೀ. ದೂರದಲ್ಲಿದೆ. ವೈಡ್ ಆಂಗಲ್ ಲೆನ್ಸ್ ಹತ್ತಿರದ್ದನ್ನು ದೊಡ್ಡದು ಮಾಡಿ ದೂರದ್ದನ್ನು ಕುಗ್ಗಿಸುತ್ತದೆ. ಅಂಚಿನಲ್ಲಿ ನಿಂತವರಿಗೆ ಹತ್ತಿರದಲ್ಲಿ ಇರುವುದು ಏನೂ ಇಲ್ಲ, ನೋಡಬೇಕಾದದ್ದೆಲ್ಲ ದೂರದಲ್ಲಿದೆ. ಹಾಗಾಗಿ ಆ ಲೆನ್ಸ್ ತನ್ನ ಶಕ್ತಿಯನ್ನೆಲ್ಲ ಖಾಲಿ ಜಾಗದ ಮೇಲೆ ವ್ಯಯಿಸುತ್ತದೆ.

ಇದೇ ಲೆನ್ಸ್ ಅಲ್ಲಿಂದ ಕೆಲವು ಗಂಟೆಗಳ ಪ್ರಯಾಣದ ದೂರದಲ್ಲಿರುವ ಇನ್ನೊಂದು ಕಮರಿಯಲ್ಲಿ ಅನಿವಾರ್ಯ. ಮೂರನೆಯದರಲ್ಲಿ ಅದನ್ನು ಹೊರತೆಗೆಯಬೇಕಾಗಿಯೇ ಬರುವುದಿಲ್ಲ. ಆದ್ದರಿಂದ ‘ಪ್ರಕೃತಿ ಛಾಯಾಗ್ರಹಣಕ್ಕೆ ಅತ್ಯುತ್ತಮ ಲೆನ್ಸ್ ಯಾವುದು’ ಎಂಬ ಹುಡುಕಾಟವನ್ನು ಪಕ್ಕಕ್ಕಿಟ್ಟು, ‘ನಾನು ಕಮರಿಯ ಅಂಚಿನಲ್ಲಿ ನಿಲ್ಲುತ್ತೇನೆಯೇ, ಅದರ ಸೀಳಿನೊಳಗೆ ನಿಲ್ಲುತ್ತೇನೆಯೇ, ತಳದ ನೀರಿನಲ್ಲಿ ನಿಲ್ಲುತ್ತೇನೆಯೇ’ ಎಂದು ಕೇಳಿಕೊಳ್ಳಿ. ಅಮೆರಿಕದ ನೈಋತ್ಯ ಭಾಗದ ಕೊಲರಾಡೊ ಪ್ರಸ್ಥಭೂಮಿಗೆ, ಅಂದರೆ ಅರಿಜೋನಾ ಮತ್ತು ಯೂಟಾ ರಾಜ್ಯಗಳ ಕೆಂಪು ಕಲ್ಲಿನ ನಾಡಿಗೆ, ಕ್ಯಾಮೆರಾ ಹೊತ್ತು ಹೊರಟವರಿಗಾಗಿ ಈ ಬರಹ.

ಮೊದಲ ಹೆಜ್ಜೆ: ಜಾಗಗಳನ್ನು ಬರೆದಿಟ್ಟುಕೊಳ್ಳಿ

ಲೆನ್ಸಿನ ವಿಚಾರಕ್ಕೆ ಕೈಹಾಕುವ ಮೊದಲು ಹೋಗಲಿರುವ ಜಾಗಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಎಲ್ಲಿ ನಿಲ್ಲುತ್ತೀರಿ, ಯಾವ ಹೊತ್ತಿನಲ್ಲಿ, ಟ್ರೈಪಾಡಿಗೆ ಅನುಮತಿ ಇದೆಯೇ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅರಿಜೋನಾದ ಪೇಜ್ ಪಟ್ಟಣದ ಬಳಿಯ ಆ್ಯಂಟಲೋಪ್ ಕ್ಯಾನಿಯನ್ ನವಾಹೋ ಎಂಬ ಮೂಲನಿವಾಸಿ ಜನರ ನೆಲ. ಅಲ್ಲಿಗೆ ಮಾರ್ಗದರ್ಶಕರ ಜೊತೆಯಲ್ಲದೆ ಪ್ರವೇಶವಿಲ್ಲ, ಸಾಮಾನ್ಯ ಪ್ರವಾಸಗಳಲ್ಲಿ ಟ್ರೈಪಾಡ್ ಒಯ್ಯಲು ಬಿಡುವುದಿಲ್ಲ, ಚೀಲಗಳಿಗೂ ನಿರ್ಬಂಧವಿದೆ. ಟ್ರೈಪಾಡ್ ಇಲ್ಲ ಎಂದ ಕೂಡಲೇ ಲೆನ್ಸಿನ ಲೆಕ್ಕಾಚಾರ ಬದಲಾಗುತ್ತದೆ. ಕೈಯಲ್ಲಿ ಹಿಡಿದು ತೆಗೆಯಬೇಕಾದ ಮಬ್ಬು ಬೆಳಕಿನಲ್ಲಿ ಕಂಪನ ತಡೆಯುವ ವ್ಯವಸ್ಥೆ ಇರುವ ಲೆನ್ಸ್ ಅಥವಾ ಕ್ಯಾಮೆರಾ ದೊಡ್ಡ ಅಪರ್ಚರಿಗಿಂತ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಗಿಂತ) ಹೆಚ್ಚು ಉಪಕಾರಿ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕಾದಿರಿಸುವಾಗಲೇ ಕೇಳಿ ಖಚಿತಪಡಿಸಿಕೊಳ್ಳಿ.

ಪಟ್ಟಿಯಲ್ಲಿ ಹೊತ್ತನ್ನು ಬರೆಯುವಾಗ ಗಡಿಯಾರದ ಬಗ್ಗೆಯೂ ಎಚ್ಚರವಿರಲಿ. ಬೇಸಿಗೆಯಲ್ಲಿ ಯೂಟಾ ರಾಜ್ಯವೂ ನವಾಹೋ ಜನರ ಸ್ವಾಯತ್ತ ಪ್ರದೇಶವಾದ ನವಾಹೋ ನೇಷನ್ನೂ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ, ಅರಿಜೋನಾದ ಉಳಿದ ಭಾಗ ಇಡುವುದಿಲ್ಲ. ಸೂರ್ಯೋದಯದ ಚಿತ್ರಕ್ಕೆ ಹೊರಟವರಿಗೆ ಆ ಒಂದು ಗಂಟೆಯೇ ಎಲ್ಲ.

ಅಂಚಿನಿಂದ ನೋಡುವಾಗ: 70–200

ಈ ಪ್ರವಾಸಕ್ಕೆ ನನ್ನ ಅತ್ಯಂತ ದೃಢವಾದ ಸಲಹೆ ಇದು: ಅಂಚಿನಲ್ಲಿ ನಿಲ್ಲುವ ಜಾಗಗಳಿಗೆ ಮುಖ್ಯ ಲೆನ್ಸ್ 70–200 ಮಿ.ಮೀ. ಜೂಮ್. (ಮಿ.ಮೀ. ಅಂಕಿ ಲೆನ್ಸಿನ ಫೋಕಲ್ ಲೆಂತ್, ಅದು ಹೆಚ್ಚಿದಷ್ಟು ನೋಟ ಕಿರಿದು, ದೂರದ್ದು ದೊಡ್ಡದು.) ಪಕ್ಷಿ, ಪ್ರಾಣಿ, ಕ್ರೀಡೆಗಳ ಲೆನ್ಸ್ ಎಂದು ಇದನ್ನು ಮನೆಯಲ್ಲಿ ಬಿಟ್ಟು ಬರುವವರು ಕಮರಿಯ ಅರ್ಧದಷ್ಟು ಚಿತ್ರಗಳನ್ನು ಮನೆಯಲ್ಲೇ ಬಿಟ್ಟು ಬಂದ ಹಾಗೆ.

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡದಿರುವ ಕ್ಯಾಮೆರಾದಲ್ಲಿ, 16 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 107 ಡಿಗ್ರಿ ನೋಡುತ್ತದೆ. 70 ಮಿ.ಮೀ. ನೋಡುವುದು 34 ಡಿಗ್ರಿ, 200 ಮಿ.ಮೀ. ನೋಡುವುದು ಬರಿಯ 12 ಡಿಗ್ರಿ. ಈ ಇಕ್ಕಟ್ಟಾದ ಕಿಟಕಿಯೇ ಇಲ್ಲಿ ವರ. ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಒಂದರ ಹಿಂದೆ ಒಂದರಂತೆ ನಿಂತ ಕಲ್ಲಿನ ಏಣುಗಳು, ಗೋಪುರಗಳು, ಮೆಟ್ಟಿಲುಮೆಟ್ಟಿಲಾದ ಬಂಡೆಪದರಗಳು ಲೆಕ್ಕವಿಲ್ಲದಷ್ಟಿವೆ. ಬರಿಗಣ್ಣು ಅವನ್ನು ಒಂದೊಂದಾಗಿ ಆರಿಸಿ ನೋಡುತ್ತದೆ. ಟೆಲಿಫೋಟೊ ಲೆನ್ಸ್ ಮಾಡುವುದೂ ಅದನ್ನೇ. ಕಿಲೋಮೀಟರುಗಟ್ಟಲೆ ಅಂತರದಲ್ಲಿರುವ ಏಣುಗಳನ್ನು ಹತ್ತಿರ ಹತ್ತಿರ ಒತ್ತಿಟ್ಟಂತೆ ಅದು ತೋರಿಸುತ್ತದೆ. ಸೂರ್ಯ ಇಳಿಯುತ್ತ ಬಂದಂತೆ ಗಾಳಿಯಲ್ಲಿರುವ ಮಬ್ಬು ಪ್ರತಿ ಏಣನ್ನೂ ಅದಕ್ಕಿಂತ ಹತ್ತಿರದಲ್ಲಿರುವುದಕ್ಕಿಂತ ಒಂದು ಛಾಯೆ ತಿಳಿಯಾಗಿಸುತ್ತದೆ: ಹತ್ತಿರದ್ದು ಕಡುನೀಲಿ, ಅದರಾಚೆಯದು ಬೂದುನೀಲಿ, ಕೊನೆಯದು ಬಹುತೇಕ ಆಕಾಶದ ಬಣ್ಣ. ಆಳ ಎಂಬುದು ಚಿತ್ರದಲ್ಲಿ ಮೂಡುವುದು ಈ ಪದರಗಳಿಂದಲೇ. ಹೋಪಿ ಪಾಯಿಂಟ್, ಲಿಪಾನ್ ಪಾಯಿಂಟ್, ಡೆಸರ್ಟ್ ವ್ಯೂ ಇಂಥ ಜಾಗಗಳಲ್ಲಿ ಸಂಜೆ ನಿಂತರೆ 100ರಿಂದ 200 ಮಿ.ಮೀ. ನಡುವೆಯೇ ನಿಮ್ಮ ಕೈ ಓಡಾಡುತ್ತಿರುತ್ತದೆ.

ಯೂಟಾದ ಬ್ರೈಸ್ ಕ್ಯಾನಿಯನ್‌ಗೂ ಇದೇ ಮಾತು. ಹೆಸರು ಕ್ಯಾನಿಯನ್ ಎಂದಿದ್ದರೂ ಅದು ಪ್ರಸ್ಥಭೂಮಿಯ ಅಂಚು ಸವೆದು ಉಂಟಾದ ಅರ್ಧಚಂದ್ರಾಕಾರದ ಬಯಲು ರಂಗಮಂದಿರಗಳ ಸಾಲು, ಒಳಗೆಲ್ಲ ಹೂಡೂ ಎಂದು ಕರೆಯುವ ಕಲ್ಲಿನ ಕಂಬಗಳು. ಅಲ್ಲಿ ಬೆಳಗಿನ ಸೂರ್ಯ ಎದುರಿನಿಂದ ಬರುತ್ತಾನೆ. ಎದುರು ಬೆಳಕಿನಲ್ಲಿ ಒಂದು ಕಂಬದಿಂದ ಚಿಮ್ಮಿದ ಬಿಸಿಲು ಪಕ್ಕದ ಕಂಬದ ನೆರಳಿನ ಮೈಯನ್ನು ಕಿತ್ತಳೆಯಾಗಿ ಹೊಳೆಯಿಸುತ್ತದೆ. ಆ ಹೊಳಪು ಕಾಣಬೇಕಾದರೆ ಇಡೀ ಬಯಲನ್ನು ಬಿಟ್ಟು ಐದಾರು ಕಂಬಗಳ ಗುಂಪಿಗೆ ಕಟ್ಟುಬೀಳಬೇಕು, ಅಂದರೆ 135 ಅಥವಾ 200 ಮಿ.ಮೀ. ಬೇಕು.

ಅಂಚಿನಲ್ಲಿ ಪ್ರೈಮ್ ಲೆನ್ಸಿಗಿಂತ, ಅಂದರೆ ಒಂದೇ ಫೋಕಲ್ ಲೆಂತ್‌ನ ಲೆನ್ಸಿಗಿಂತ, ಜೂಮ್ ಏಕೆ ಎಂದು ಕೇಳುವವರಿದ್ದಾರೆ. ಬೇರೆ ಕಡೆ ‘ಎರಡು ಹೆಜ್ಜೆ ಮುಂದೆ ಹೋಗಿ’ ಎನ್ನಬಹುದು. ಇಲ್ಲಿ ಎರಡು ಹೆಜ್ಜೆ ಮುಂದೆ ಪ್ರಪಾತವಿದೆ. ಚೌಕಟ್ಟನ್ನು ಬಿಗಿಗೊಳಿಸಲು ಲೆನ್ಸೊಂದೇ ದಾರಿ. ದಯವಿಟ್ಟು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ವ್ಯೂಫೈಂಡರಿಗೆ ಕಣ್ಣಿಟ್ಟುಕೊಂಡು ಅಂಚಿನ ಬಳಿ ಒಂದು ಹೆಜ್ಜೆಯನ್ನೂ ಇಡಬೇಡಿ.

200ಕ್ಕಿಂತ ಹೆಚ್ಚು ಬೇಕೇ? 100–400 ಇದ್ದರೆ ಚಂದ್ರೋದಯಕ್ಕೆ, ಎದುರು ಗೋಡೆಯ ಮೇಲೆ ಒಂದೇ ಒಂದು ಬಿಸಿಲುಪಟ್ಟಿ ಬಿದ್ದ ಕ್ಷಣಕ್ಕೆ ಅದ್ಭುತ. ಆದರೆ ಅಷ್ಟು ದೂರದ ಗಾಳಿಯ ಮೂಲಕ ನೋಡುವಾಗ ಮಧ್ಯಾಹ್ನದ ಬಿಸಿಗೆ ದೃಶ್ಯವೇ ನಡುಗುತ್ತದೆ. ಕಾದ ನೆಲದಿಂದ ಏಳುವ ಗಾಳಿಯ ಆ ಅಲೆಯನ್ನು ಎಷ್ಟೇ ಬೆಲೆಯ ಲೆನ್ಸ್ ಕೂಡ ತಡೆಯಲಾರದು. ಉದ್ದನೆಯ ಲೆನ್ಸನ್ನು ಬೆಳಗಿನ ಮೊದಲ ಗಂಟೆಗೆ ಮತ್ತು ಸಂಜೆಯ ಕೊನೆಯ ಗಂಟೆಗೆ ಮೀಸಲಿಡಿ. ಅಂಚಿನ ಗಾಳಿ ಟ್ರೈಪಾಡನ್ನೂ ಅಲ್ಲಾಡಿಸುತ್ತದೆ. ಟ್ರೈಪಾಡಿನ ನಡುಗಂಬವನ್ನು ಎತ್ತದೆ, ಗಾಳಿ ತಗ್ಗುವವರೆಗೆ ಕಾದು, ಒಂದೇ ದೃಶ್ಯವನ್ನು ನಾಲ್ಕಾರು ಸಲ ತೆಗೆಯಿರಿ.

ಅಗಲ ನೋಟ ಎಲ್ಲಿ ಬೇಕೇ ಬೇಕು

ಪೇಜ್ ಪಟ್ಟಣದ ಹೊರಗೆ ಕೊಲರಾಡೊ ನದಿ ಕುದುರೆ ಲಾಳದ ಆಕಾರದಲ್ಲಿ ತಿರುಗುವ ಹಾರ್ಸ್‌ಶೂ ಬೆಂಡ್ ಇದೆ. ನೋಡುವ ಜಾಗದಿಂದ ನದಿ ಸುಮಾರು 300 ಮೀಟರ್ ಕೆಳಗೆ. ಇಲ್ಲಿಯೂ ನಿಲ್ಲುವುದು ಅಂಚಿನಲ್ಲೇ. ಆದರೆ ನೋಡಬೇಕಾದದ್ದು ದೂರದಲ್ಲಿಲ್ಲ, ನೇರ ಕಾಲಬುಡದಲ್ಲಿ ಎಡಬಲಕ್ಕೆ ಹರಡಿದೆ. 24 ಮಿ.ಮೀ. ಹಿಡಿದು ಹೋದವರಿಗೆ ತಿರುವಿನ ಎರಡೂ ತೋಳುಗಳು ಒಂದೇ ಚೌಕಟ್ಟಿನಲ್ಲಿ ಸಿಗುವುದಿಲ್ಲ. ಫುಲ್ ಫ್ರೇಮಿನಲ್ಲಿ 16 ಮಿ.ಮೀ. ಇದ್ದರೆ ಸಾಕಾಗುತ್ತದೆ, 14 ಇದ್ದರೆ ಸುತ್ತ ಒಂದಿಷ್ಟು ಉಸಿರಾಡುವ ಜಾಗವೂ ಉಳಿಯುತ್ತದೆ. ಅಷ್ಟು ಅಗಲದ ಲೆನ್ಸ್ ಇಲ್ಲದವರು ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಸಾಲಾಗಿ ಏಳೆಂಟು ಚಿತ್ರ ತೆಗೆದು ಆಮೇಲೆ ಪನೋರಮಾ ಹೊಲಿಯಬಹುದು. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕೈಯಾರೆ ಸ್ಥಿರಗೊಳಿಸಿಕೊಂಡರೆ ಹೊಲಿಗೆ ಕಾಣುವುದಿಲ್ಲ.

ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಮೇಸಾ ಆರ್ಚ್ ಇನ್ನೊಂದು. ಪ್ರಪಾತದ ತುದಿಯಲ್ಲೇ ನಿಂತ ಈ ಕಲ್ಲಿನ ಕಮಾನಿನ ಅಡಿಭಾಗ ಸೂರ್ಯೋದಯಕ್ಕೆ ಕೆಂಡದಂತೆ ಹೊಳೆಯುತ್ತದೆ. ಕೆಳಗಿನ ಬಂಡೆಗೋಡೆಗೆ ಬಡಿದ ಬಿಸಿಲು ಮೇಲಕ್ಕೆ ಪುಟಿಯುವುದರಿಂದ ಆಗುವ ಬೆಡಗು ಅದು. ಕಮಾನಿನ ಸಮೀಪವೇ ನಿಂತು, ಅದರ ಮೂಲಕ ಆಚೆಯ ಕಣಿವೆಯನ್ನು ತೋರಿಸಬೇಕು, ಹಾಗಾಗಿ 16ರಿಂದ 24 ಮಿ.ಮೀ. ಬೇಕು. ಜನಜಂಗುಳಿ ಇರುವ ಜಾಗ. ಹಿಂದೆ ನಿಂತರೆ ಇತರರ ತಲೆಗಳು, ಮುಂದೆ ನಿಂತರೆ ಎಲ್ಲರ ಚೌಕಟ್ಟಿನೊಳಗೆ ನೀವು. ಸೂರ್ಯನ ಅಂಚು ಕಮಾನಿನ ಕೆಳಗೆ ಇಣುಕುವಾಗ ಎಫ್‌/16 (ಈ ಅಂಕಿ ದೊಡ್ಡದಾದಷ್ಟು ಅಪರ್ಚರ್ ಕಿರಿದು) ಇಟ್ಟರೆ ನಕ್ಷತ್ರದಂಥ ಕಿರಣಗಳು ಮೂಡುತ್ತವೆ. ಅಪರ್ಚರಿನ ಎಲೆಗಳ ಸಂಖ್ಯೆ ಸಮವಾಗಿದ್ದರೆ ಅಷ್ಟೇ ಕಿರಣಗಳು, ಬೆಸವಾಗಿದ್ದರೆ ಅದರ ಎರಡರಷ್ಟು: ಎಂಟು ಎಲೆಗೆ ಎಂಟು, ಒಂಬತ್ತು ಎಲೆಗೆ ಹದಿನೆಂಟು. ಈ ಪರಿಣಾಮ ಇಷ್ಟವಾದವರು ಲೆನ್ಸ್ ಕೊಳ್ಳುವಾಗ ಅಥವಾ ಬಾಡಿಗೆಗೆ ಪಡೆಯುವಾಗ ಇದನ್ನೊಮ್ಮೆ ನೋಡಿಕೊಳ್ಳಬಹುದು.

ಈ ಎರಡು ಉದಾಹರಣೆಗಳ ಹಿಂದಿರುವ ಸೂತ್ರವನ್ನು ಎಲ್ಲ ಕಡೆ ಅನ್ವಯಿಸಬಹುದು. ಮುನ್ನೆಲೆಯಲ್ಲಿ, ಅಂದರೆ ನಿಮ್ಮಿಂದ ಒಂದೆರಡು ಮೀಟರ್ ಒಳಗೆ, ಹೇಳಿಕೊಳ್ಳುವಂಥದ್ದು ಇದ್ದರೆ, ಅಥವಾ ಹಾರ್ಸ್‌ಶೂ ಬೆಂಡಿನಂತೆ ನೋಡಬೇಕಾದದ್ದು ಕಾಲಬುಡದಲ್ಲಿ ಎಡಬಲಕ್ಕೆ ಹರಡಿದ್ದರೆ ಮಾತ್ರ ಅಗಲ ಲೆನ್ಸ್ ಹಾಕಿ. ಮುನ್ನೆಲೆಯ ವಸ್ತು ಬಿರುಕುಬಿಟ್ಟ ಒಣ ಮಣ್ಣು, ಮಳೆನೀರು ನಿಂತ ಬಂಡೆಗುಳಿ, ತಿರುಚಿಕೊಂಡ ಜುನಿಪರ್ ಮರ, ಅಲೆಅಲೆಯಾದ ಮರಳುಗಲ್ಲು ಏನಾದರೂ ಆಗಬಹುದು. ಇದ್ದರೆ ಬಗ್ಗಿ, ಇನ್ನಷ್ಟು ಹತ್ತಿರ ಹೋಗಿ, ಅದಕ್ಕೆ ಚೌಕಟ್ಟಿನ ಮೂರನೇ ಒಂದು ಭಾಗವನ್ನು ಧೈರ್ಯವಾಗಿ ಕೊಡಿ. ಇಲ್ಲದಿದ್ದರೆ ಲೆನ್ಸ್ ಬದಲಿಸಿ. ಹತ್ತಿರದ ವಸ್ತುವಿಗೆ ಆಸೆಪಟ್ಟು ಮರುಭೂಮಿಯ ನೆಲವನ್ನು ಎಲ್ಲೆಂದರಲ್ಲಿ ತುಳಿಯಬೇಡಿ. ಅಲ್ಲಿಯ ಕಪ್ಪಗೆ ಉಬ್ಬುಬ್ಬಾದ ಮೇಲ್ಮಣ್ಣು ಜೀವಂತ ಪೊರೆ, ಒಂದು ಹೆಜ್ಜೆಗೆ ಹಾಳಾದದ್ದು ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಬಂಡೆಯ ಮೇಲೆ ಅಥವಾ ಇರುವ ಕಾಲುದಾರಿಯಲ್ಲಿ ನಡೆಯಿರಿ.

ಮುನ್ನೆಲೆಯಿಂದ ದಿಗಂತದವರೆಗೆ ಎಲ್ಲವೂ ಸ್ಫುಟವಾಗಿರಬೇಕಾದರೆ ಫೋಕಸ್ ಎಲ್ಲಿಡಬೇಕು ಎಂಬುದಕ್ಕೆ ಫುಲ್ ಫ್ರೇಮಿನ ಅಂದಾಜು ಲೆಕ್ಕ ಇಲ್ಲಿದೆ. ಎಫ್‌/11ರಲ್ಲಿ 16 ಮಿ.ಮೀ. ಲೆನ್ಸಿಗೆ ಸುಮಾರು 80 ಸೆಂ.ಮೀ., 24ಕ್ಕೆ ಒಂದು ಮುಕ್ಕಾಲು ಮೀಟರ್, 35ಕ್ಕೆ ಮೂರು ಮುಕ್ಕಾಲು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಅನಂತದವರೆಗೆ ಒಪ್ಪಬಹುದಾದಷ್ಟು ಸ್ಫುಟತೆ ಸಿಗುತ್ತದೆ. ಹೆಚ್ಚು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾದವರು ಇದಕ್ಕಿಂತ ತುಸು ದೂರಕ್ಕೆ ಫೋಕಸ್ ಮಾಡುವುದು ಒಳ್ಳೆಯದು. 100 ಮಿ.ಮೀ.ಗೆ ಇದೇ ಲೆಕ್ಕ 30 ಮೀಟರಿಗೆ ಹೋಗುತ್ತದೆ. ಟೆಲಿಫೋಟೊದಲ್ಲಿ ಮುನ್ನೆಲೆಯೂ ಹಿನ್ನೆಲೆಯೂ ಒಟ್ಟಿಗೆ ಸ್ಫುಟವಾಗಿ ಬೇಕೆಂದರೆ ಬೇರೆ ಬೇರೆ ಫೋಕಸಿನಲ್ಲಿ ಎರಡು ಮೂರು ಚಿತ್ರ ತೆಗೆದು ಜೋಡಿಸುವುದೇ ದಾರಿ. ಎಫ್‌/22 ಇಟ್ಟು ಪಾರಾಗೋಣವೆಂದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಸೀಳುಕಮರಿಯ ಒಳಗೆ

ಸ್ಲಾಟ್ ಕ್ಯಾನಿಯನ್ ಎಂದು ಕರೆಯುವ ಸೀಳುಕಮರಿಗಳು ಬೇರೆಯೇ ಲೋಕ. ಕಬ್ಬಿಣದ ಅಂಶದಿಂದ ಕೆಂಪಾದ ನವಾಹೋ ಮರಳುಗಲ್ಲನ್ನು ಹಠಾತ್ ಪ್ರವಾಹಗಳು ಕೊರೆದು ಕೊರೆದು ಆದ ಓಣಿಗಳು ಇವು. ಕೈಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಇಕ್ಕಟ್ಟು. ನೇರ ಬಿಸಿಲು ತಳಕ್ಕೆ ಇಳಿಯುವುದು ಅಪರೂಪ. ಮೇಲಿನ ಗೋಡೆಗೆ ಬಡಿದ ಬೆಳಕು ಎದುರು ಗೋಡೆಗೆ, ಅಲ್ಲಿಂದ ಮತ್ತೆ ಈಚೆಗೆ ಪುಟಿಯುತ್ತ ಇಳಿಯುತ್ತದೆ. ಪ್ರತಿ ಪುಟಿತಕ್ಕೂ ಇನ್ನಷ್ಟು ಕೆಂಪು ಹೀರಿಕೊಂಡು ಹಳದಿ, ಕಿತ್ತಳೆ, ಕೆಂಪು, ಕೊನೆಗೆ ನೇರಳೆಯವರೆಗೆ ಬಣ್ಣ ಆಳವಾಗುತ್ತದೆ.

ಇಲ್ಲಿ ಲೆನ್ಸ್ ಆಯ್ಕೆ 16–35 ಅಥವಾ 24–70. ಆ್ಯಂಟಲೋಪ್‌ನ ಮೇಲಿನ ಭಾಗ, ಕೆಳಗಿನ ಭಾಗ ಎರಡು ಬೇರೆ ಬೇರೆ ಸೀಳುಗಳು. ಮೇಲಿನದು ತಳದಲ್ಲಿ ಅಗಲ, ತಲೆಯಲ್ಲಿ ಕಿರಿದು. ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ನಡುಹಗಲಿನಲ್ಲಿ ಮೇಲಿನ ಬಿರುಕಿನಿಂದ ಬಿಸಿಲುಕೋಲು ಇಳಿಯುವುದು ಈ ಭಾಗದಲ್ಲಿ. ನೆಲದಿಂದ ಬಿರುಕಿನವರೆಗೆ ಕೋಲನ್ನು ಇಡಿಯಾಗಿ ತೋರಿಸಲು 16–35 ಬೇಕು. ಕೆಳಗಿನ ಭಾಗ ಇದಕ್ಕೆ ತದ್ವಿರುದ್ಧ: ತಲೆ ಅಗಲ, ತಳ ಕಿರಿದು, ಏಣಿ ಹತ್ತಿಳಿಯುವ ದಾರಿ. ಅಲ್ಲಿ ಗೋಡೆಯ ತಿರುವುಗಳೇ ಚಿತ್ರ. ನನ್ನ ಮಟ್ಟಿಗೆ ಅಲ್ಲಿ 24–70 ಹೆಚ್ಚು ಸಂತೋಷ ಕೊಡುವ ಲೆನ್ಸ್. 50, 70 ಮಿ.ಮೀ.ಗೆ ಬಂದು ಎರಡು ಬಾಗಿದ ಮೇಲ್ಮೈಗಳು ಸಂಧಿಸುವ ಒಂದು ಗೆರೆಯನ್ನು ಮಾತ್ರ ಹಿಡಿದರೆ ಕಲ್ಲು ಬಟ್ಟೆಯ ಮಡಿಕೆಯಂತೆ ಕಾಣುತ್ತದೆ, ಜನರೂ ಚೌಕಟ್ಟಿನಿಂದ ಹೊರಗುಳಿಯುತ್ತಾರೆ.

ಮೂರು ಸಂಗತಿಗಳನ್ನು ಮುಂಚೆಯೇ ಹೊಂದಿಸಿಕೊಂಡು ಒಳಗೆ ಹೋಗಿ. ಆಕಾಶದ ತುಣುಕು ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ, ಬಂದರೆ ಅದು ಬರಿಯ ಬಿಳಿ ಕಲೆ. ವೈಟ್ ಬ್ಯಾಲೆನ್ಸನ್ನು, ಅಂದರೆ ಬಣ್ಣದ ಹೊಂದಾಣಿಕೆಯನ್ನು, ಆಟೋದಲ್ಲಿ ಬಿಡಬೇಡಿ, ಕ್ಯಾಮೆರಾ ಆ ಕೆಂಪನ್ನೇ ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಡೇಲೈಟಿಗೆ ಇಟ್ಟು, ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ರಾ ಕಡತದಲ್ಲಿ ಚಿತ್ರ ತೆಗೆಯಿರಿ. ಮೂರನೆಯದಾಗಿ, ಟ್ರೈಪಾಡ್ ಇಲ್ಲದ ಕಡೆ ಬೆಳಕಿಗೆ ಕ್ಯಾಮೆರಾದ ಸಂವೇದನೆ ಹೆಚ್ಚಿಸುವ ಐಎಸ್‌ಒ 1600, 3200ಕ್ಕೆ ಏರಿಸಲು ಹಿಂಜರಿಯಬೇಡಿ. ನಡುಗಿದ ಚಿತ್ರಕ್ಕೆ ಮದ್ದಿಲ್ಲ, ತುಸು ಕಾಳುಕಾಳಾದ ಚಿತ್ರಕ್ಕೆ ಇದೆ.

ಒಳಗೆ ಹೋದ ಮೇಲೆ ಲೆನ್ಸ್ ಬದಲಿಸಬಾರದು. ಈ ನಿಯಮಕ್ಕೆ ನಾನು ವಿನಾಯಿತಿ ಕೊಡುವುದಿಲ್ಲ. ಮೇಲಿನಿಂದ ನಸುಪುಡಿ ಮರಳು ಸದಾ ಉದುರುತ್ತಿರುತ್ತದೆ. ಬಿಸಿಲುಕೋಲು ಕಣ್ಣಿಗೆ ಕಾಣುವುದೇ ಗಾಳಿಯಲ್ಲಿ ತೇಲುವ ಆ ಧೂಳಿನಿಂದ. ಸೆನ್ಸರಿನ ಮೇಲೆ ಅದು ಕೂತರೆ ಮುಂದಿನ ಪ್ರವಾಸದುದ್ದಕ್ಕೂ ಪ್ರತಿ ಆಕಾಶದಲ್ಲೂ ಕಲೆ. ಒಂದೇ ಲೆನ್ಸ್ ಆರಿಸಿ, ಹೊರಗೇ ಹಾಕಿಕೊಂಡು, ಅದರೊಂದಿಗೇ ಇದ್ದುಬಿಡಿ. ಎರಡು ಕ್ಯಾಮೆರಾ ಇರುವವರು ಎರಡಕ್ಕೂ ಒಂದೊಂದು ಹಾಕಿಕೊಂಡು ಹೋಗಬಹುದು.

ಇನ್ನೊಂದು ಮಾತು ಲೆನ್ಸಿಗಿಂತ ಮುಖ್ಯ. 1997ರ ಆಗಸ್ಟ್ 12ರಂದು ಕೆಳಗಿನ ಆ್ಯಂಟಲೋಪ್‌ನಲ್ಲಿ ಹಠಾತ್ ಪ್ರವಾಹಕ್ಕೆ 11 ಪ್ರವಾಸಿಗರು ಬಲಿಯಾದರು. ಮಳೆ ಸುರಿದದ್ದು ಅವರ ತಲೆಯ ಮೇಲಲ್ಲ, ದೂರದ ಎತ್ತರದ ನೆಲದಲ್ಲಿ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಆಕಾಶ ಅತ್ಯಂತ ನಾಟಕೀಯವಾಗಿರುತ್ತದೆ, ಸೀಳುಕಮರಿಗಳು ಅತ್ಯಂತ ಅಪಾಯಕಾರಿಯಾಗಿರುವುದೂ ಆಗಲೇ. ಹವಾಮಾನ ಸೂಚನೆ ಕೆಟ್ಟದಾಗಿದ್ದರೆ ಆ ದಿನವನ್ನು ಅಂಚಿನಲ್ಲಿ ಕಳೆಯಿರಿ, ಮೋಡದ ನೆರಳುಗಳು ಕಣಿವೆಯ ಮೇಲೆ ಓಡುವುದನ್ನು 70–200 ಹಿಡಿಯುತ್ತದೆ. ಗುಡುಗು ಕೇಳಿಸಿದರೆ ಅಂಚನ್ನೂ ಬಿಟ್ಟು ಒಳಗೆ ಸೇರಿಕೊಳ್ಳಿ.

ನೀರಿನಲ್ಲಿ ನಡೆಯುವ ಕಮರಿ

ಯೂಟಾದ ಜಾಯನ್ ಉದ್ಯಾನದ ನ್ಯಾರೋಸ್‌ನಲ್ಲಿ ವರ್ಜಿನ್ ನದಿಯೇ ದಾರಿ. ಗೋಡೆಗಳು 300 ಮೀಟರ್ ಎತ್ತರ, ಕೆಲವೆಡೆ ನದಿಯ ಅಗಲ ಆರರಿಂದ ಒಂಬತ್ತು ಮೀಟರ್ ಮಾತ್ರ. ಮೊಣಕಾಲು, ಸೊಂಟದವರೆಗಿನ ನೀರಿನಲ್ಲಿ, ಜಾರುವ ಕಲ್ಲುಗಳ ಮೇಲೆ ನಡೆಯುವಾಗ ಮೂರು ಲೆನ್ಸ್ ಹೊರುವುದು ಅವಿವೇಕ. 16–35 ಅಥವಾ 24–70ರಲ್ಲಿ ಒಂದು, ನೀರು ನುಗ್ಗದ ಚೀಲ, ಟ್ರೈಪಾಡ್, ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಸಾಕು. ಪೋಲರೈಸರ್ ಒದ್ದೆ ಕಲ್ಲಿನ ಬಿಳಿ ಹೊಳಪನ್ನು ತೆಗೆದು ಬಣ್ಣ ಹೊರತರುತ್ತದೆ, ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಅರ್ಧದಷ್ಟು) ಬೆಳಕನ್ನೂ ತಿಂದು ಹರಿಯುವ ನೀರನ್ನು ರೇಷ್ಮೆಯಾಗಿಸಲು ನೆರವಾಗುತ್ತದೆ. ಆದರೆ ಬಿಸಿಲು ಬಿದ್ದ ಗೋಡೆಯ ಬಂಗಾರದ ಪ್ರತಿಬಿಂಬ ನೀರಿನ ಮೇಲಿದ್ದರೆ ಅದನ್ನೂ ಅಳಿಸಿಬಿಡುತ್ತದೆ. ಉಂಗುರವನ್ನು ನಿಧಾನವಾಗಿ ತಿರುಗಿಸುತ್ತ, ಹೊಳಪು ಹೋಗಿ ಬಂಗಾರ ಉಳಿದ ಜಾಗದಲ್ಲಿ ನಿಲ್ಲಿಸಿ.

ರಾತ್ರಿಗೆ ಬೇಕಾದದ್ದು

ಹಗಲಿನ ಕೆಲಸಕ್ಕೆ ಎಫ್‌/4 ಲೆನ್ಸ್ ಧಾರಾಳ ಸಾಕು. ಹೇಗಿದ್ದರೂ ಎಫ್‌/8, ಎಫ್‌/11ರಲ್ಲಿ ತೆಗೆಯುತ್ತೀರಿ. ಎಫ್‌/2.8ರ 70–200 ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ, ಎಫ್‌/4ರದ್ದು ಅದಕ್ಕಿಂತ ಸಾಕಷ್ಟು ಹಗುರ, ಬೆಲೆಯೂ ಕಡಿಮೆ. ಉಳಿದ ತೂಕಕ್ಕೆ ನೀರು ಹೊತ್ತುಕೊಳ್ಳಿ.

ದೊಡ್ಡ ಅಪರ್ಚರ್ ನಿಜವಾಗಿ ಬೇಕಾಗುವುದು ನಕ್ಷತ್ರಗಳಿಗೆ. ಈ ಪ್ರದೇಶದ ಆಕಾಶ ಅಷ್ಟು ಕತ್ತಲು. ಯೂಟಾದ ನ್ಯಾಚುರಲ್ ಬ್ರಿಡ್ಜಸ್ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲ ಆಕಾಶದ ಉದ್ಯಾನವೆಂದು ಮಾನ್ಯತೆ ಪಡೆಯಿತು, ಗ್ರ್ಯಾಂಡ್ ಕ್ಯಾನಿಯನ್ 2019ರಲ್ಲಿ. ಕ್ಷೀರಪಥದ ನಡುಭಾಗ ವಸಂತದಿಂದ ಶರದೃತುವಿನವರೆಗೆ ಕಾಣುತ್ತದೆ. ಅಮಾವಾಸ್ಯೆಯ ಆಸುಪಾಸಿಗೆ ಪ್ರವಾಸ ಇಟ್ಟುಕೊಂಡಿದ್ದರೆ 14ರಿಂದ 24 ಮಿ.ಮೀ. ನಡುವಿನ, ಎಫ್‌/2.8 ಅಥವಾ ಅದಕ್ಕಿಂತ ದೊಡ್ಡ ಅಪರ್ಚರಿನ ಒಂದು ಲೆನ್ಸ್ ಒಯ್ಯಿರಿ. ಎಫ್‌/1.8ರ 20 ಮಿ.ಮೀ. ಪ್ರೈಮ್ ಒಳ್ಳೆಯ ಆಯ್ಕೆ. 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದಷ್ಟು ಸೆಕೆಂಡುಗಳವರೆಗೆ ನಕ್ಷತ್ರಗಳು ಗೆರೆಯಾಗುವುದಿಲ್ಲ ಎಂಬುದು ಹಳೆಯ ಲೆಕ್ಕ, 20 ಮಿ.ಮೀ.ಗೆ 25 ಸೆಕೆಂಡು. ಇಂದಿನ ಸೂಕ್ಷ್ಮ ಸೆನ್ಸರುಗಳಿಗೆ 15 ಸೆಕೆಂಡಿನ ಒಳಗೆ ಇರುವುದು ಕ್ಷೇಮ. ರಾತ್ರಿ ಚಿತ್ರ ತೆಗೆಯುವ ಉದ್ದೇಶವೇ ಇಲ್ಲದಿದ್ದರೆ ಈ ಲೆನ್ಸನ್ನು ಪಟ್ಟಿಯಿಂದ ಹೊಡೆದುಹಾಕಿ.

ಕ್ಯಾಮೆರಾ ಫುಲ್ ಫ್ರೇಮ್ ಅಲ್ಲದಿದ್ದರೆ

ಮೇಲೆ ಲೆನ್ಸುಗಳಿಗೆ ಹೇಳಿದ ಮಿ.ಮೀ. ಅಂಕಿಗಳನ್ನು, ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್‌-ಸಿ ಕ್ಯಾಮೆರಾದವರು 1.5ರಿಂದ (ಕ್ಯಾನನ್ ಆದರೆ 1.6ರಿಂದ), ಮೈಕ್ರೊ ಫೋರ್ ಥರ್ಡ್ಸ್‌ನವರು 2ರಿಂದ ಭಾಗಿಸಿಕೊಳ್ಳಬೇಕು. ಹಾರ್ಸ್‌ಶೂ ಬೆಂಡಿಗೆ ಎಪಿಎಸ್‌-ಸಿಯಲ್ಲಿ 10 ಮಿ.ಮೀ. ಬೇಕಾಗುತ್ತದೆ, ಕ್ಯಾಮೆರಾದ ಜೊತೆ ಬರುವ 18–55 ಅಲ್ಲಿ ಸಾಲದು. ಅಂಚಿನ ಚಿತ್ರಗಳಿಗೆ ಮಾತ್ರ ಇದು ಲಾಭ, ಹಗುರವಾದ 55–250 ಅಥವಾ 50–230 ಲೆನ್ಸೇ ಉದ್ದನೆಯ ಟೆಲಿಫೋಟೊ ಆಗುತ್ತದೆ.

ಕೊನೆಗೆ ಯಾವುವು ಚೀಲಕ್ಕೆ?

ಒಂದೇ ಲೆನ್ಸ್ ಎಂದಾದರೆ 24–105. ಇದರಿಂದ ಹಾರ್ಸ್‌ಶೂ ಬೆಂಡಿನ ಇಡೀ ತಿರುವೂ ದೂರದ ಪದರಗಳ ಬಿಗಿಯಾದ ಚಿತ್ರವೂ ಕೈತಪ್ಪುತ್ತವೆ, ಉಳಿದದ್ದು ಬಹುಪಾಲು ಸಿಗುತ್ತದೆ.

ಎರಡು ಎಂದಾದರೆ 16–35 ಮತ್ತು 70–200. ನಡುವಿನ 35ರಿಂದ 70ರ ಕಂದಕ ಕಾಗದದ ಮೇಲೆ ಹೆದರಿಸುತ್ತದೆ. ವಾಸ್ತವದಲ್ಲಿ ಅದನ್ನು 35ರ ಚಿತ್ರವನ್ನು ಕತ್ತರಿಸಿಯೋ, 70ರ ಚಿತ್ರಗಳನ್ನು ಹೊಲಿದೋ ತುಂಬಬಹುದು. ನನಗೆ ಈ ಪ್ರವಾಸಕ್ಕೆ ಅತ್ಯಂತ ಸಮಂಜಸವಾಗಿ ಕಾಣುವ ಜೋಡಿ ಇದೇ. ಮೂರನೆಯದನ್ನು ಸೇರಿಸುವುದಾದರೆ ಸೀಳುಕಮರಿಗಳಲ್ಲಿ ಹೆಚ್ಚು ದಿನ ಕಳೆಯುವವರು 24–70 ಸೇರಿಸಿ, ರಾತ್ರಿಯ ಆಸಕ್ತಿ ಇರುವವರು ಎಫ್‌/1.8ರ ಪ್ರೈಮ್ ಸೇರಿಸಿ. ನಾಲ್ಕನೆಯದು ಬೇಡ. ಸಂಜೆಯ ಒಳ್ಳೆಯ ಬೆಳಕು ಕೆಲವೇ ನಿಮಿಷ ಇರುತ್ತದೆ, ಆ ಹೊತ್ತಿನಲ್ಲಿ ಚೀಲ ತಡಕಾಡುತ್ತ ಕೂರುವುದು ನಷ್ಟ.

ಫಿಲ್ಟರುಗಳನ್ನು ಲೆನ್ಸ್ ಜೊತೆಗೇ ಯೋಚಿಸಿ. ಮುಂಗಾಜು ಗುಂಡಗೆ ಉಬ್ಬಿರುವ ಅತಿ ಅಗಲದ ಲೆನ್ಸುಗಳಿಗೆ ತಿರುಪಿನ ಫಿಲ್ಟರ್ ಕೂರುವುದಿಲ್ಲ. ಪೋಲರೈಸರ್ ಸೂರ್ಯನಿಂದ 90 ಡಿಗ್ರಿ ದಿಕ್ಕಿನ ಆಕಾಶವನ್ನು ಅತಿ ಹೆಚ್ಚು ಕಪ್ಪಾಗಿಸುತ್ತದೆ. 16 ಮಿ.ಮೀ.ನಂಥ ಲೆನ್ಸಿನಲ್ಲಿ ಆಕಾಶದ ಅಷ್ಟು ದೊಡ್ಡ ಪಾಲು ಚೌಕಟ್ಟಿನೊಳಗೆ ಬರುವುದರಿಂದ ನೀಲಿಯಲ್ಲಿ ಒಂದು ಕಪ್ಪು ಮಚ್ಚೆ ಬಿದ್ದಂತೆ ಕಾಣುತ್ತದೆ. ಅಂಥಲ್ಲಿ ಅದನ್ನು ತೆಗೆದುಬಿಡಿ. 70–200ಕ್ಕೆ ಮಾತ್ರ ಅದು ಒಳ್ಳೆಯ ಜೊತೆ, ದೂರದ ಮಬ್ಬನ್ನು ಒಂದಿಷ್ಟು ಕತ್ತರಿಸಿ ಕೆಂಪನ್ನು ಗಟ್ಟಿಗೊಳಿಸುತ್ತದೆ.

ನಿಮ್ಮಲ್ಲಿಲ್ಲದ ಲೆನ್ಸ್ ಒಂದೇ ಒಂದು ಜಾಗಕ್ಕಾಗಿ ಬೇಕಿದ್ದರೆ ಕೊಳ್ಳಬೇಡಿ, ಬಾಡಿಗೆಗೆ ಪಡೆಯಿರಿ. ಹೊರಡುವ ದಿನ ಅಲ್ಲ, ಒಂದೆರಡು ದಿನ ಮುಂಚೆಯೇ ಕೈಗೆ ಬರುವಂತೆ ನೋಡಿಕೊಳ್ಳಿ. ಮುಸ್ಸಂಜೆಯ ಬೆಳಕಿನಲ್ಲಿ ಟ್ರೈಪಾಡಿನ ಮೇಲಿಟ್ಟು ನಾಲ್ಕು ಮೂಲೆಗಳೂ ಸಮನಾಗಿ ಸ್ಫುಟವಾಗಿವೆಯೇ, ಕೈಯಾರೆ ಫೋಕಸ್ ಮಾಡುವ ಉಂಗುರ ಯಾವ ಕಡೆ ತಿರುಗುತ್ತದೆ, ಅನಂತದ ಗುರುತು ನಿಜವಾಗಿ ಅನಂತದಲ್ಲೇ ಇದೆಯೇ ಎಂದು ಪರೀಕ್ಷಿಸಿ.

ಧೂಳು ಮತ್ತು ಬಿಸಿಲು

ಲೆನ್ಸ್ ಬದಲಿಸಬೇಕಾದಾಗ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿಸಿ, ಇನ್ನೊಂದು ಲೆನ್ಸಿನ ಹಿಂಮುಚ್ಚಳ ಮೊದಲೇ ಸಡಿಲಿಸಿಟ್ಟುಕೊಂಡು ಬೇಗ ಮುಗಿಸಿ. ವಾಹನದೊಳಗೆ ಕುಳಿತು ಬದಲಿಸುವುದು ಇನ್ನೂ ಉತ್ತಮ. ನಿಲ್ಲಿಸಿದ ವಾಹನದಲ್ಲಿ ಮಾತ್ರ ಲೆನ್ಸುಗಳನ್ನು ಮಧ್ಯಾಹ್ನವಿಡೀ ಬಿಡಬೇಡಿ, ಮುಚ್ಚಿದ ಗಾಜಿನೊಳಗಿನ ಬಿಸಿಗೆ ಒಳಭಾಗದ ಜಿಡ್ಡು ಸಡಿಲಗೊಳ್ಳಬಹುದು.

ಮುಂಗಾಜಿನ ಮೇಲೆ ಮರಳು ಕಂಡರೆ ಬಟ್ಟೆ ಮುಟ್ಟಿಸಬೇಡಿ, ಮರಳುಗಲ್ಲಿನ ಕಣ ಗಾಜನ್ನು ಗೀರುತ್ತದೆ. ಮೊದಲು ರಬ್ಬರ್ ಊದುಬುಡ್ಡೆಯಿಂದ ಊದಿ, ಆಮೇಲೆ ಮೆತ್ತನೆಯ ಕುಂಚ, ಕೊನೆಗೆ ಬಟ್ಟೆ. ಜೂಮ್ ಉಂಗುರ ತಿರುಗಿಸುವಾಗ ಕರಕರ ಎಂದರೆ ಬಲವಂತ ಮಾಡಬೇಡಿ, ಉಂಗುರದ ಸಂದಿಯನ್ನು ಕುಂಚದಿಂದ ಬಿಡಿಸಿ ಊದಿ ತೆಗೆಯಿರಿ. ಪ್ರತಿ ರಾತ್ರಿ ಸೆನ್ಸರ್ ಪರೀಕ್ಷೆಗೆ ಒಂದು ಉಪಾಯವಿದೆ: ಬಿಳಿ ಗೋಡೆಯನ್ನು ಎಫ್‌/16ರಲ್ಲಿ, ಫೋಕಸ್ ತಪ್ಪಿಸಿ ಒಂದು ಚಿತ್ರ ತೆಗೆದು ಪರದೆಯಲ್ಲಿ ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆಗಳು ಕಂಡರೆ ಆ ರಾತ್ರಿಯೇ ಊದಿ ತೆಗೆದು, ಇನ್ನೊಮ್ಮೆ ಗೋಡೆಯ ಚಿತ್ರ ತೆಗೆದು ನೋಡಿ, ಮರುದಿನದ ಮೊದಲ ಜಾಗಕ್ಕೆ ಬೇಕಾದ ಲೆನ್ಸನ್ನು ಹಾಕಿಟ್ಟು ಮಲಗಿ.